ಕೆನಡಿಯವರ ಸೊಂಟನೋವು

ಜಾನ್ ಎಫ್. ಕೆನಡಿ ಎಂದರೆ ನಮಗೆ ನೆನಪಾಗುವುದು ಕ್ಯೂಬಾ ಬಿಕ್ಕಟ್ಟು, ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಘೋಷಣೆ, ಕೊನೆಗೆ ಡಲ್ಲಾಸ್ ನಗರದ ಗುಂಡು. ಫೋಟೋಗಳಲ್ಲಿ ಅವರು ಬಿಸಿಲಿಗೆ ಮಾಗಿದ ಮುಖದ, ಆರೋಗ್ಯವಂತ ಯುವಕ. ಪಿಯುಸಿ ಮುಗಿದ ಮೇಲೆ ಇನ್‌ಶಾ ಅಲ್ಲಾಹ್ ಫಿಸಿಯೋಥೆರಪಿ ಓದಬೇಕೆಂದಿರುವ ನನಗೆ ಅವರ ಜೀವನದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮಾತ್ರ ಅವರ ಸೊಂಟ.

1917ರ ಮೇ 29ರಂದು ಅಮೆರಿಕದ ಬ್ರೂಕ್‌ಲೈನ್‌ನಲ್ಲಿ, ಶ್ರೀಮಂತ ಮನೆತನದಲ್ಲಿ ಅವರು ಹುಟ್ಟಿದರು. ಚಿಕ್ಕಂದಿನಿಂದಲೂ ಒಂದಲ್ಲ ಒಂದು ಕಾಯಿಲೆ. ಹಾರ್ವರ್ಡ್‌ನಲ್ಲಿ ಓದುವಾಗ ಅಮೆರಿಕನ್ ಫುಟ್‌ಬಾಲ್ ಆಡಿ ಬೆನ್ನಿಗೆ ಪೆಟ್ಟು ಮಾಡಿಕೊಂಡರು. 1941ರಲ್ಲಿ ಸೈನ್ಯ ಸೇರಲು ಹೋದರೆ ಬೆನ್ನಿನ ಕಾರಣಕ್ಕೇ ಅವರನ್ನು ತಿರಸ್ಕರಿಸಲಾಯಿತು. ಆಮೇಲೆ ತಂದೆಯ ಪ್ರಭಾವದಿಂದ ನೌಕಾಪಡೆಗೆ ಸೇರಿದರು. ನೋವನ್ನು ಮುಚ್ಚಿಡುವ ಅಭ್ಯಾಸ ಅಲ್ಲಿಂದಲೇ ಶುರುವಾಯಿತೆಂದು ನನಗನಿಸುತ್ತದೆ.

1943ರ ಆಗಸ್ಟ್ 2ರ ರಾತ್ರಿ ಸಾಲೊಮನ್ ದ್ವೀಪಗಳ ಬಳಿ ಅವರ ಪಿಟಿ-109 ದೋಣಿಗೆ ಜಪಾನಿನ ಯುದ್ಧನೌಕೆ ಡಿಕ್ಕಿ ಹೊಡೆದು ಎರಡು ತುಂಡು ಮಾಡಿತು. 13 ಜನರಲ್ಲಿ ಇಬ್ಬರು ಸತ್ತರು. ಸುಟ್ಟಗಾಯಗಳಾಗಿದ್ದ ಒಬ್ಬ ನಾವಿಕನ ಲೈಫ್ ಜಾಕೆಟಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕೆನಡಿ ಸುಮಾರು 4 ಗಂಟೆ ಈಜಿ ದ್ವೀಪ ಮುಟ್ಟಿದರು. ದೇಶಕ್ಕೆ ಒಬ್ಬ ವೀರ ಸಿಕ್ಕಿದ. ಮೊದಲೇ ಕೆಟ್ಟಿದ್ದ ಬೆನ್ನು ಇನ್ನಷ್ಟು ಹದಗೆಟ್ಟಿತು.

ಮುಂದೆ ಆದದ್ದು ಆಪರೇಷನ್ನುಗಳ ಸರಣಿ. 1944ರಲ್ಲಿ ಡಿಸ್ಕಿನ ಆಪರೇಷನ್ ಆಯಿತು, ನೋವು ಹೋಗಲಿಲ್ಲ. 1954ರ ಹೊತ್ತಿಗೆ ಸೆನೆಟರ್ ಕೆನಡಿ ಊರುಗೋಲು ಹಿಡಿದು ನಡೆಯುತ್ತಿದ್ದರು. ಅವರಿಗೆ ಅಡಿಸನ್ ಕಾಯಿಲೆಯೂ ಇತ್ತು. ಅಡ್ರಿನಲ್ ಗ್ರಂಥಿಗಳು ಸರಿಯಾಗಿ ಕೆಲಸ ಮಾಡದ ಇಂಥವರಿಗೆ ದೊಡ್ಡ ಆಪರೇಷನ್ ಎಂದರೆ ಪ್ರಾಣಾಪಾಯ. ಆದರೂ ಅಕ್ಟೋಬರ್ 21ರಂದು ನ್ಯೂಯಾರ್ಕಿನಲ್ಲಿ ಸೊಂಟದ ಮೂಳೆಗಳನ್ನು ಬೆಸೆಯಲು ಲೋಹದ ಪಟ್ಟಿ ಕೂರಿಸಿದರು. ಸೋಂಕು ತಗುಲಿ ಅವರಿಗೆ ಪ್ರಜ್ಞೆ ತಪ್ಪಿತು. ಪಾದ್ರಿಯನ್ನು ಕರೆಸಿ ಅಂತಿಮ ಸಂಸ್ಕಾರವನ್ನೂ ಮಾಡಿಸಿದರು. ಬದುಕಿ ಉಳಿದರು, ಆದರೆ 1955ರ ಫೆಬ್ರವರಿಯಲ್ಲಿ ಅದೇ ಪಟ್ಟಿಯನ್ನು ತೆಗೆಯಲು ಮತ್ತೆ ಕೊಯ್ಯಬೇಕಾಯಿತು. 1957ರಲ್ಲಿ ಕೀವು ತೆಗೆಯಲು ನಾಲ್ಕನೆಯ ಸಲ.

1955ರಿಂದ ಡಾ. ಜಾನೆಟ್ ಟ್ರಾವೆಲ್ ಅವರನ್ನು ನೋಡಿಕೊಂಡರು. ಮುಂದೆ ಶ್ವೇತಭವನದಲ್ಲಿ ಅಧ್ಯಕ್ಷರ ವೈದ್ಯೆಯಾದ ಮೊದಲ ಮಹಿಳೆ ಇವರೇ. ಬಿಗಿದ ಸ್ನಾಯುಗಳಿಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧ ಚುಚ್ಚುತ್ತಿದ್ದರು. ಕೆನಡಿಯವರ ಹೆಸರಿನೊಂದಿಗೇ ಪ್ರಸಿದ್ಧವಾದ ತೂಗುಕುರ್ಚಿಯೂ ಅವರದೇ ಸಲಹೆ. ನೋವು ಇಳಿಯುತ್ತಿತ್ತು, ಔಷಧದ ಶಕ್ತಿ ಮುಗಿದೊಡನೆ ಮತ್ತೆ ಬರುತ್ತಿತ್ತು.

ಅಧ್ಯಕ್ಷರಾದ ವರ್ಷವೇ, 1961ರ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವಾದಲ್ಲಿ ಗಿಡ ನೆಡುವ ಸಮಾರಂಭದಲ್ಲಿ ಸಲಿಕೆಯಿಂದ ಮಣ್ಣೆತ್ತುವಾಗ ಸೊಂಟ ಹಿಡಿದುಕೊಂಡಿತು. ಸೈನ್ಯಗಳನ್ನು ಆಳುವವರಿಗೆ ಒಂದು ಸಲಿಕೆ ಮಣ್ಣು ಭಾರವಾಯಿತು! ವಿಯೆನ್ನಾದಲ್ಲಿ ಕ್ರುಶ್ಚೇವ್ ಅವರನ್ನು ಭೇಟಿಯಾದದ್ದೂ ಅದೇ ನೋವಿನಲ್ಲಿ. ಕ್ಯಾಮೆರಾ ಇಲ್ಲದ ಕಡೆ ಊರುಗೋಲು ಮತ್ತೆ ಬಂತು.

ಅಕ್ಟೋಬರಿನಲ್ಲಿ ಶ್ವೇತಭವನಕ್ಕೆ ಡಾ. ಹಾನ್ಸ್ ಕ್ರಾಸ್ ಅವರನ್ನು ಕರೆಸಲಾಯಿತು. ಆಸ್ಟ್ರಿಯಾ ಮೂಲದ ಇವರು ಹೆಸರಾಂತ ಪರ್ವತಾರೋಹಿ ಕೂಡ. ಸೋನ್ಯಾ ವೆಬರ್ ಜೊತೆಗೂಡಿ ಇವರು ಆರು ಸರಳ ಪರೀಕ್ಷೆಗಳನ್ನು ರೂಪಿಸಿದ್ದರು: ಮಂಡಿ ಮಡಚದೆ ಬಗ್ಗಿ ನೆಲ ಮುಟ್ಟುವುದು, ಮಲಗಿದಲ್ಲಿಂದ ಕೈ ಆಸರೆಯಿಲ್ಲದೆ ಏಳುವುದು, ಇಂಥವು. ಅಮೆರಿಕದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಾದರೂ ಪರೀಕ್ಷೆಯಲ್ಲಿ ಸೋತರು. ಯುರೋಪಿನ ಮಕ್ಕಳಲ್ಲಿ ಸೋತವರು ನೂರಕ್ಕೆ ಹತ್ತಕ್ಕಿಂತ ಕಡಿಮೆ. ತಮಾಷೆಯೆಂದರೆ, 1960ರ ಡಿಸೆಂಬರಿನಲ್ಲಿ ಅಮೆರಿಕನ್ನರು ಮೆತ್ತಗಾಗುತ್ತಿದ್ದಾರೆಂದು ಪತ್ರಿಕೆಯೊಂದರಲ್ಲಿ ಲೇಖನ ಬರೆದ ಕೆನಡಿ ಇದೇ ಪರೀಕ್ಷೆಗಳನ್ನು ಉದಾಹರಿಸಿದ್ದರು. ಹತ್ತು ತಿಂಗಳ ಬಳಿಕ ಕ್ರಾಸ್ ಪರೀಕ್ಷಿಸಿದಾಗ ಅವರಿಂದ ಒಂದೇ ಒಂದು ಸಿಟ್-ಅಪ್ ಮಾಡಲೂ ಆಗಲಿಲ್ಲ. ಹೊಟ್ಟೆಯ ಸ್ನಾಯುಗಳು ಸೊರಗಿದ್ದವು, ತೊಡೆಯ ಹಿಂಭಾಗದವು ತಂತಿಯಂತೆ ಬಿಗಿದಿದ್ದವು.

ನಾನು ಹಲವು ಸಲ ಓದಿದ ಭಾಗ ಇದು. ನಮ್ಮ ಬೆನ್ನುಮೂಳೆ ತನ್ನಷ್ಟಕ್ಕೆ ತಾನೇ ನಿಲ್ಲುವ ಕಂಬವಲ್ಲ. ಟೆಂಟಿನ ಕೋಲನ್ನು ಸುತ್ತಲಿನ ಹಗ್ಗಗಳು ಹಿಡಿದಿಡುವ ಹಾಗೆ ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳು ಅದನ್ನು ಹಿಡಿದಿರುತ್ತವೆ. ಹಗ್ಗ ಸಡಿಲವಾದರೆ ಭಾರವೆಲ್ಲ ಕೋಲಿನ ಮೇಲೆ. ಈಗ ಕೋರ್ ಎಂದು ಕರೆಯುವುದು ಈ ಸ್ನಾಯುಗಳನ್ನೇ. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಒಳಪದರದ ಸ್ನಾಯು ಬಿಗಿಯಾಗುತ್ತದೆ, ಸೊಂಟನೋವಿದ್ದವರಲ್ಲಿ ಅದು ತಡವಾಗುತ್ತದೆ ಎಂದು ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟರು 1996ರಲ್ಲಿ ತೋರಿಸಿದರು. ಆ ಸ್ನಾಯುವಿಗೆಂದೇ ಇರುವ ವ್ಯಾಯಾಮ ಉಳಿದ ವ್ಯಾಯಾಮಗಳಿಗಿಂತ ಬಹಳ ಮೇಲು ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಾಣಲಿಲ್ಲ. ಬಿಡದೆ ಮಾಡುವುದೇ ಮುಖ್ಯ. ನಮ್ಮ ಮಸೀದಿಯಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುವ ಹಿರಿಯರಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೋ ಏನೋ.

ಕ್ರಾಸ್ ಈ ಸಂಶೋಧನೆಗೆ 35 ವರ್ಷ ಮೊದಲೇ ಹಿಡಿದ ದಾರಿ ಸಾದಾ: ಸ್ನಾಯು ಸಡಿಲಿಸು, ಹಿಗ್ಗಿಸು, ನಿಧಾನವಾಗಿ ಬಲಪಡಿಸು. ಶ್ವೇತಭವನದ ಈಜುಕೊಳದ ಪಕ್ಕದ ವ್ಯಾಯಾಮ ಕೋಣೆಯಲ್ಲಿ, ಆರಂಭದಲ್ಲಿ ವಾರಕ್ಕೆ ಮೂರು ಸಲ. 1962ರ ಆರಂಭಕ್ಕಾಗಲೇ ಕೆನಡಿಯವರಲ್ಲಿ ಸುಧಾರಣೆ ಕಾಣತೊಡಗಿತು. ನಾಲ್ಕು ಆಪರೇಷನ್‌ಗಳಿಂದ ಆಗದ್ದು ನೆಲದ ಮೇಲೆ ಚಾಪೆ ಹಾಸಿ ಮಾಡಿದ ಕಸರತ್ತಿನಿಂದ ಆಯಿತು. ಜಗತ್ತಿನ ಅತಿ ಬಲಾಢ್ಯ ವ್ಯಕ್ತಿಗೆ ಅದು ಸಿಕ್ಕಿದ್ದು 44ನೇ ವಯಸ್ಸಿನಲ್ಲಿ, ಎಲ್ಲಕ್ಕಿಂತ ಕೊನೆಗೆ.

ಸೊಂಟದ ಪಟ್ಟಿಯನ್ನು ಮಾತ್ರ ಅವರು ಬಿಟ್ಟಿರಲಿಲ್ಲ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ತೆರೆದ ಕಾರಿನಲ್ಲಿ ಕುಳಿತಾಗಲೂ ಕೋಟಿನೊಳಗೆ ಅದನ್ನು ಬಿಗಿಯಾಗಿ ಕಟ್ಟಿಕೊಂಡಿದ್ದರು. ಮೊದಲ ಗುಂಡು ಬೆನ್ನಿನ ಮೇಲ್ಭಾಗವನ್ನು ಹೊಕ್ಕು ಕುತ್ತಿಗೆಯಿಂದ ಹೊರಬಂತು. ಪಟ್ಟಿ ಇಲ್ಲದಿದ್ದರೆ ಮುಂದಕ್ಕೆ ಬಾಗಿ ಬೀಳುತ್ತಿದ್ದರೇನೋ ಎಂದು ಕೆಲವು ವೈದ್ಯರು ಹೇಳುತ್ತಾರೆ. ಅವರು ನೇರವಾಗಿಯೇ ಕುಳಿತಿದ್ದರು. ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಗುಂಡು ತಲೆಗೆ ಬಿತ್ತು.