ಕೊಳಗದ ಲೆಕ್ಕ ಕೇಳಿದ ನಾಯಕ: ನಮ್ಮ ಆರಗದ ಶಾಂತವೇರಿ ಗೋಪಾಲಗೌಡರು

ಬೆಂಗಳೂರಿಗೆ ಕೆಲಸದ ಮೇಲೆ ಹೋದವರು ವಿಧಾನಸೌಧದ ಪಕ್ಕದ ಗೋಪಾಲಗೌಡ ವೃತ್ತ ದಾಟಿಯೇ ಇರ್ತಾರೆ. ಶಿವಮೊಗ್ಗದಲ್ಲಿ ಅದೇ ಹೆಸರಿನ ಬಡಾವಣೆ ಇದೆ. ಹೆಸರು ಎಲ್ಲರಿಗೂ ಗೊತ್ತು. ಆದರೆ ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದ ಈ ಮನುಷ್ಯ ಮಾಡಿದ್ದೇನು ಅಂತ ಕೇಳಿದರೆ ನಮ್ಮ ವಯಸ್ಸಿನ ಹುಡುಗರಲ್ಲಿ ಹೇಳೋರು ಕಮ್ಮಿ. ಪಂಚಾಯಿತಿ, ಸೊಸೈಟಿ, ಸಂಘ ಅಂತ ಯಾವುದೋ ಒಂದು ಕಡೆ ಮುಂದಾಳು ಆಗಬೇಕು ಅನ್ನೋರು ಇವರ ಬದುಕನ್ನು ಒಮ್ಮೆ ನೋಡಲೇಬೇಕು.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು. ಮನೆಯಲ್ಲಿ ದುಡ್ಡು ಕಾಸು ಹೆಚ್ಚೇನೂ ಇರಲಿಲ್ಲ. ಓದುವ ವಯಸ್ಸಲ್ಲೇ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಪಕ್ಷದ ಕಡೆ ಹೋಗಲಿಲ್ಲ, ಲೋಹಿಯಾ ಅವರ ಸಮಾಜವಾದಿ ದಾರಿ ಹಿಡಿದರು.

ಕಾಗೋಡಿನ ಗದ್ದೆಯಲ್ಲಿ

ಅಂಗಡಿ ಇಟ್ಟವರಿಗೆ ಅಳತೆಯ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ತಕ್ಕಡಿಯಲ್ಲಿ ಒಂದು ಚೂರು ಹೆಚ್ಚುಕಮ್ಮಿ ಆದರೂ ವರ್ಷದ ಕೊನೆಗೆ ಅದು ಎಷ್ಟಾಗುತ್ತೆ ಅನ್ನೋದು ಅವರಿಗೆ ಗೊತ್ತು. ಸಾಗರ ತಾಲ್ಲೂಕಿನ ಕಾಗೋಡಿನ ಜಗಳ ಶುರುವಾಗಿದ್ದೂ ಅಳತೆಯಿಂದಲೇ. ಗೇಣಿ ಭತ್ತ ಅಳೆಯೋಕೆ ಭೂಮಾಲೀಕರು ಬಳಸುತ್ತಿದ್ದ ಕೊಳಗ ನಿಗದಿಗಿಂತ ದೊಡ್ಡದು. ಅದೇ ಗದ್ದೆ, ಅದೇ ಬೆಳೆ, ಆದರೆ ಪ್ರತಿ ಕೊಳಗಕ್ಕೂ ಗೇಣಿದಾರನ ಮನೆಯ ಭತ್ತ ಒಂದಿಷ್ಟು ಸುಮ್ಮನೆ ಹೋಗುತ್ತಿತ್ತು. ಇದರ ಮೇಲೆ ಬಿಟ್ಟಿ ಚಾಕರಿ ಬೇರೆ.

ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಇದನ್ನು ಪ್ರಶ್ನಿಸಿತು. ಪ್ರಶ್ನೆ ಕೇಳಿದ್ದಕ್ಕೆ ಗೇಣಿದಾರರಿಗೆ ಗದ್ದೆಗೆ ಇಳಿಯದಂತೆ ತಡೆ ಬಂತು. 1951ರ ಏಪ್ರಿಲ್‌ನಲ್ಲಿ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದೇಬಿಟ್ಟರು. ಪೊಲೀಸರು ಹಿಡಿದುಕೊಂಡು ಹೋದರು. ಮರುದಿನ ಇನ್ನೊಂದು ತಂಡ ಇಳಿಯಿತು.

ಗೋಪಾಲಗೌಡರು ಈ ಹೋರಾಟಕ್ಕೆ ಬಂದ ರೀತಿ ನೋಡಬೇಕು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗೌಡರು ಅವರ ಜಾತಿಯವರಲ್ಲ, ಆ ಊರಿನವರೂ ಅಲ್ಲ. ಹೋರಾಟ ಶುರು ಮಾಡಿದವರೂ ಅವರಲ್ಲ. ಆದರೂ ಬಂದರು. ಗಣಪತಿಯಪ್ಪನವರನ್ನು ಬದಿಗೆ ಸರಿಸಲಿಲ್ಲ, ಜೊತೆಗೆ ನಿಂತರು. ಪಕ್ಷದ ಬಲವನ್ನೆಲ್ಲ ತಂದು ಆ ರೈತರ ಬೆನ್ನಿಗೆ ಇಟ್ಟರು. ಊರೂರು ತಿರುಗಿ ಸತ್ಯಾಗ್ರಹಿಗಳನ್ನು ಸೇರಿಸಿದರು, ತಾವೂ ಜೈಲಿಗೆ ಹೋದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೆ ಒಳಗಾದ ಮೇಲೆ ಕಾಗೋಡು ದೇಶಕ್ಕೆಲ್ಲ ಗೊತ್ತಾಯಿತು.

ಹಾಗಂತ ರೈತರಿಗೆ ಕೂಡಲೇ ಭೂಮಿ ಸಿಗಲಿಲ್ಲ. ಕೋರ್ಟು, ಕಚೇರಿ ಅಂತ ವರ್ಷಗಟ್ಟಲೆ ಅಲೆದಾಟವೇ ಆಯಿತು. ಗೆದ್ದೇ ಗೆಲ್ತೀವಿ ಅನ್ನೋ ಕಡೆ ಮಾತ್ರ ನಿಲ್ಲೋರಾಗಿದ್ದರೆ ಗೌಡರು ಕಾಗೋಡಿಗೆ ಬರ್ತಾನೇ ಇರಲಿಲ್ಲ.

ಓಟಿನ ಜೊತೆ ನೋಟು

1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ನಿಂತರು. ಎದುರಿಗಿದ್ದವರು ಕಾಂಗ್ರೆಸ್ಸಿನ ದೊಡ್ಡ ನಾಯಕ ಎ.ಆರ್. ಬದರಿನಾರಾಯಣ್. ಗೌಡರಿಗೆ ಆಗ ಮೂವತ್ತೂ ತುಂಬಿರಲಿಲ್ಲ, ಆದರೂ ಗೆದ್ದರು. ಚುನಾವಣೆಯಲ್ಲಿ ಜನರ ಹತ್ತಿರ ಒಂದು ಓಟು, ಜೊತೆಗೆ ಒಂದು ನೋಟು ಕೇಳುವ ಪದ್ಧತಿ ಅವರ ಹೆಸರಿನ ಜೊತೆಗೇ ಉಳಿದುಕೊಂಡಿದೆ. ಈಗ ನೋಟು ಹೋಗೋ ದಿಕ್ಕೇ ಬೇರೆ, ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ನೂರಾರು ಜನರ ಒಂದೊಂದು ರೂಪಾಯಿ ತಗೊಂಡವನು ನೂರಾರು ಜನರಿಗೆ ಉತ್ತರ ಹೇಳಬೇಕು. ಒಬ್ಬನೇ ದೊಡ್ಡ ಕುಳದ ಹತ್ತಿರ ತಗೊಂಡವನು ಆ ಒಬ್ಬನಿಗೆ ಹೇಳಿದರೆ ಸಾಕು.

ಸದನದಲ್ಲಿ ಗೇಣಿದಾರರ ಪರ, ಕನ್ನಡದಲ್ಲೇ ಆಡಳಿತ ನಡೆಯಬೇಕೆಂಬ ಪರ ಮಾತಾಡಿದರು. ಏಕೀಕರಣದ ರಾಜ್ಯಕ್ಕೆ ಕರ್ನಾಟಕ ಅಂತಲೇ ಹೆಸರಿಡಬೇಕು ಅಂತ ಪಟ್ಟು ಹಿಡಿದರು.

1957ರಲ್ಲಿ ಸೋಲಾಯಿತು. ಸೋತವರು ಪಕ್ಷ ಬದಲಿಸೋದು ಆಗಲೂ ಇತ್ತು. ಗೌಡರು ಹೋಗಲಿಲ್ಲ. ಮತ್ತೆ ಜನರ ನಡುವೆಯೇ ಓಡಾಡಿ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಬಂದರು.

ಬೆಳೆಸಿದ ಹುಡುಗರು

ಗೌಡರು ಸಿಟ್ಟಿನ ಮನುಷ್ಯ, ಆದರೆ ಓದಿನ ಹಸಿವಿದ್ದವರು. ಗೋಪಾಲಕೃಷ್ಣ ಅಡಿಗರು, ಯು.ಆರ್. ಅನಂತಮೂರ್ತಿ ಅವರ ಒಡನಾಟವಿತ್ತು. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕನಲ್ಲಿ ಗೌಡರ ಬದುಕಿನ ನೆರಳಿದೆ.

ಅವರ ಸುತ್ತ ಸೇರಿದ ಹುಡುಗರ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತೆ. ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ, ಕಾಗೋಡು ತಿಮ್ಮಪ್ಪ, ಕೋಣಂದೂರು ಲಿಂಗಪ್ಪ. ಇವರಲ್ಲಿ ಇಬ್ಬರು ಮುಖ್ಯಮಂತ್ರಿ ಆದರು, ಒಬ್ಬರು ವಿಧಾನಸಭೆಯ ಸ್ಪೀಕರ್ ಆದರು. ಮುಂದೆ ಅವರೆಲ್ಲ ಬೇರೆ ಬೇರೆ ದಾರಿ ಹಿಡಿದರು, ಆ ಮಾತು ಬೇರೆ. ಗೌಡರು ಮಂತ್ರಿಯೂ ಆಗಲಿಲ್ಲ.

ಕೊನೆಯ ವರ್ಷಗಳಲ್ಲಿ ಕಾಯಿಲೆ ಹಿಡಿಯಿತು. 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು ಬರೀ 49.

ಮರುವರ್ಷ, 1973ರ ನವೆಂಬರ್ 1ಕ್ಕೆ ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ ಜಾರಿಯಾಯಿತು. ಗೇಣಿದಾರರು ಫಾರಂ ನಂ. 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತು ಭೂಮಿಯ ಒಡೆಯರಾದರು. ಎರಡನ್ನೂ ನೋಡಲು ಗೌಡರು ಇರಲಿಲ್ಲ.

ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿ ಆಗಿನ ನ್ಯಾಯಮಂಡಳಿ ಆದೇಶದ ಹಳೇ ಕಾಗದ ಇವತ್ತೂ ಭದ್ರವಾಗಿದೆ. ಆ ಜಮೀನಿನ ಮೇಲೆ ಸಾಲ ತೆಗೆದು ಮಕ್ಕಳನ್ನು ಓದಿಸಿದವರಿದ್ದಾರೆ, ಪೇಟೆಯಲ್ಲಿ ಅಂಗಡಿ ಹಾಕಿದವರಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಕಾಗದ ಇದ್ದರೆ, ಅದು ಹೇಗೆ ಬಂತು ಅಂತ ಮನೆಯ ಹಿರಿಯರನ್ನು ಒಂದು ಸಲ ಕೇಳಿ ನೋಡಿ.