ಬಾಣಂತಿಯರ ಬಂಧು ಸೆಮ್ಮೆಲ್ವೈಸ್

ಲೋಕಕ್ಕೆ ಉಪಕಾರ ಮಾಡಿದವರನ್ನು ಲೋಕವು ಅವರ ಜೀವಿತಕಾಲದಲ್ಲಿಯೇ ಗುರುತಿಸುವುದೆಂಬ ನಿಯಮವಿಲ್ಲ. ಹೆತ್ತ ತಾಯಂದಿರನ್ನು ಮೃತ್ಯುಮುಖದಿಂದ ತಪ್ಪಿಸುವ ಸುಲಭೋಪಾಯವನ್ನು ಕಂಡುಹಿಡಿದ ಇಗ್ನಾಝ್ ಸೆಮ್ಮೆಲ್ವೈಸನು ಹುಚ್ಚರ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟನು. ಆತನ ಹೆಸರನ್ನು ವೈದ್ಯರೆಲ್ಲರೂ ಬಲ್ಲರು. ಆದರೆ ಆತನ ಚರಿತ್ರೆಯು ವೈದ್ಯರಿಗಿಂತಲೂ ಗೃಹಸ್ಥರಿಗೂ ಅಧಿಕಾರಿಗಳಿಗೂ ಹೆಚ್ಚು ಬೋಧಪ್ರದವಾದುದೆಂದು ನಾವು ಭಾವಿಸುವುದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಸೆಮ್ಮೆಲ್ವೈಸನು 1818ನೆಯ ಇಸವಿ ಜುಲೈ 1ರಂದು ಹಂಗೇರಿ ದೇಶದಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಬೂಡಾ ನಗರದಲ್ಲಿ ಜನಿಸಿದನು. ತಂದೆಯು ಕಿರಾಣಿ ವ್ಯಾಪಾರಿ. ಮಗನು ನ್ಯಾಯಶಾಸ್ತ್ರವನ್ನು ಕಲಿಯಲೆಂದು 1837ರಲ್ಲಿ ವಿಯೆನ್ನಾಕ್ಕೆ ಹೋದವನು ವೈದ್ಯಶಾಸ್ತ್ರದತ್ತ ತಿರುಗಿ, 1844ರಲ್ಲಿ ವೈದ್ಯಪದವಿಯನ್ನು ಪಡೆದನು. 1846ರಲ್ಲಿ ಅಲ್ಲಿಯ ದೊಡ್ಡ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನನ ಕೈಕೆಳಗೆ ಸಹಾಯಕನಾಗಿ ನಿಯಮಿತನಾದನು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಮೊದಲನೆಯದು ವೈದ್ಯವಿದ್ಯಾರ್ಥಿಗಳ ಶಿಕ್ಷಣಕ್ಕೆ, ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ ಮೀಸಲಾಗಿದ್ದಿತು. ಒಂದೊಂದು ದಿನ ಒಂದೊಂದು ವಿಭಾಗದಲ್ಲಿ ಗರ್ಭಿಣಿಯರನ್ನು ಸೇರಿಸಿಕೊಳ್ಳುವ ಪದ್ಧತಿಯಿದ್ದಿತು. ಬಂದವರು ಒಂದೇ ಊರಿನ ಬಡ ಹೆಂಗಸರು, ಗಾಳಿಯೊಂದೇ, ನೀರೊಂದೇ. ಆದರೂ 1846ರಲ್ಲಿ ಮೊದಲನೆಯ ವಿಭಾಗದಲ್ಲಿ ಹೆತ್ತ 4010 ಮಂದಿಯಲ್ಲಿ 459 ಮಂದಿ ಮಡಿದರು. ಎರಡನೆಯದರಲ್ಲಿ 3754 ಮಂದಿಯಲ್ಲಿ ಮಡಿದವರು 105 ಮಂದಿ ಮಾತ್ರ. ಇವರಲ್ಲಿ ಬಹುತೇಕರನ್ನು ಕೊಂಡೊಯ್ದುದು ಸೂತಿಕಾಜ್ವರ, ಎಂದರೆ ನಮ್ಮ ಮನೆಗಳಲ್ಲಿ ಬಾಣಂತಿ ನಂಜೆಂದು ಕರೆಯಿಸಿಕೊಳ್ಳುವ ರೋಗ. ಊರಿನ ಹೆಂಗಸರಿಗೆ ಈ ಭೇದವು ತಿಳಿದಿದ್ದಿತು. ಮೊದಲನೆಯ ವಿಭಾಗದ ಸರದಿಯ ದಿನ ಬಂದವರು ತಮ್ಮನ್ನು ಎರಡನೆಯದಕ್ಕೆ ಕಳುಹಬೇಕೆಂದು ಮೊಣಕಾಲೂರಿ ಬೇಡುತ್ತಿದ್ದರು. ದಾರಿಯಲ್ಲಿಯೇ ಹೆತ್ತು ಬಂದವರಿಗಾದರೋ ಜ್ವರವು ವಿರಳವಾಗಿದ್ದಿತು.

ಪಂಡಿತರು ಕಾರಣಗಳನ್ನು ಹೇಳದೆ ಇರಲಿಲ್ಲ. ಗಾಳಿ ಕೆಟ್ಟಿದೆಯೆಂದರು ಕೆಲವರು. ಹಾಲು ವಿಕಾರಗೊಂಡಿತೆಂದರು ಕೆಲವರು. ಹೆಂಗಸರ ಭೀತಿಯೇ ಕಾರಣವೆಂದರು ಮತ್ತೆ ಕೆಲವರು. ಸರಕಾರವು ವಿಚಾರಣೆಗೆ ಸಮಿತಿಯನ್ನು ನೇಮಿಸಿತು. ಪರದೇಶದ ವಿದ್ಯಾರ್ಥಿಗಳು ಒರಟಾಗಿ ಪರೀಕ್ಷಿಸುವುದೇ ಕಾರಣವೆಂದು ಸಮಿತಿಯು ತೀರ್ಮಾನಿಸಿತು. ವಿದ್ಯಾರ್ಥಿಗಳ ಸಂಖ್ಯೆಯು 42ರಿಂದ 20ಕ್ಕೆ ಇಳಿಯಿತು. ಸಾವು ಕೆಲಕಾಲ ತಗ್ಗಿದಂತೆ ಕಂಡು ಪುನಃ ಏರಿತು. ಸೆಮ್ಮೆಲ್ವೈಸನು ಒಂದೊಂದೇ ಕಾರಣವನ್ನು ಒರೆಗೆ ಹಚ್ಚಿದನು. ಎರಡು ವಿಭಾಗಗಳಿಗೂ ಸಮಾನವಾದುದು ಅವುಗಳ ಭೇದಕ್ಕೆ ಕಾರಣವಾಗಲಾರದೆಂಬುದು ಆತನ ಸರಳ ತರ್ಕ. ಹೆರುವಾಗ ಮಲಗಿಸುವ ಭಂಗಿಯನ್ನು ಬದಲಿಸಿ ನೋಡಿದನು. ಅಂತ್ಯಸಂಸ್ಕಾರಕ್ಕಾಗಿ ಗಂಟೆ ಬಾರಿಸುತ್ತ ಬರುವ ಪಾದ್ರಿಯ ದಾರಿಯನ್ನೂ ಬದಲಿಸಿ ನೋಡಿದನು. ಫಲವಾಗಲಿಲ್ಲ.

1847ರ ಮಾರ್ಚಿಯಲ್ಲಿ ಆತನ ಮಿತ್ರನಾದ ಪ್ರೊಫೆಸರ್ ಕೊಲ್ಲೆಚ್ಕನು ತೀರಿಕೊಂಡನು. ಹೆಣವನ್ನು ಕೊಯ್ದು ಪರೀಕ್ಷಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗಲಿ ನಂಜೇರಿದುದೇ ಸಾವಿಗೆ ಕಾರಣ. ಶವಪರೀಕ್ಷೆಯ ವರದಿಯನ್ನು ಓದಿದ ಸೆಮ್ಮೆಲ್ವೈಸನಿಗೆ, ಮಿತ್ರನ ದೇಹದಲ್ಲಿ ಕಂಡ ಲಕ್ಷಣಗಳೂ ಮಡಿದ ಬಾಣಂತಿಯರ ದೇಹಗಳಲ್ಲಿ ಕಂಡ ಲಕ್ಷಣಗಳೂ ಒಂದೇ ಎಂಬುದು ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣಗಳನ್ನು ಕೊಯ್ದು, ವಾಸನೆಯೂ ಹೋಗದ ಕೈಗಳಿಂದಲೇ ಹೆರುವವರನ್ನು ಪರೀಕ್ಷಿಸುತ್ತಿದ್ದರು. ಸೂಲಗಿತ್ತಿಯರು ಹೆಣಗಳನ್ನು ಮುಟ್ಟುತ್ತಿರಲಿಲ್ಲ. ಎರಡು ವಿಭಾಗಗಳ ಭೇದದ ಮರ್ಮವು ಇದೇ ಆಗಿದ್ದಿತು.

ಈ ಸತ್ಯವನ್ನು ಒಪ್ಪಿಕೊಳ್ಳುವುದು ಆತನಿಗೆ ಸುಲಭವಾಗಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ರೋಗದ ಮೂಲವನ್ನು ಕಾಣಬೇಕೆಂಬ ಹಂಬಲದಿಂದ ಎಲ್ಲರಿಗಿಂತ ಹೆಚ್ಚು ಹೆಣಗಳನ್ನು ಪರೀಕ್ಷಿಸುತ್ತಿದ್ದವನು ಆತನೇ. ತನ್ನ ಕೈಯಿಂದಲೇ ಅಕಾಲಮರಣಕ್ಕೆ ಈಡಾದವರ ಸಂಖ್ಯೆಯನ್ನು ದೇವರೇ ಬಲ್ಲನೆಂದು ಆತನು ಮುಂದೆ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ಇಂತಹ ಎದೆಗಾರಿಕೆಯು ಆತನ ವಿರೋಧಿಗಳಲ್ಲಿ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ತೊಟ್ಟಿಲಕೂಸುಗಳು ತಬ್ಬಲಿಯಾಗುತ್ತಿರಲಿಲ್ಲ.

1847ರ ಮೇ ತಿಂಗಳ ನಡುವೆ ಆತನು ಕಟ್ಟಪ್ಪಣೆ ಮಾಡಿದನು: ಹೆರಿಗೆ ಕೋಣೆಗೆ ಬರುವ ಪ್ರತಿಯೊಬ್ಬನೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕು. ಆ ಬಳಿಕ ಖರ್ಚು ಕಡಿಮೆಯಾಗಲೆಂದು ಕ್ಲೋರಿನ್ ಸುಣ್ಣವನ್ನು ಬಳಸಿದರು. ಏಪ್ರಿಲಿನಲ್ಲಿ 312 ಮಂದಿ ತಾಯಂದಿರಲ್ಲಿ 57 ಮಂದಿ ಮಡಿದಿದ್ದರು; ಜೂನಿನಲ್ಲಿ 268ರಲ್ಲಿ 6, ಜುಲೈಯಲ್ಲಿ 250ರಲ್ಲಿ 3. ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಸ್ರಾವವಾಗುತ್ತಿದ್ದವಳೊಬ್ಬಳನ್ನು ಮೊದಲು ಪರೀಕ್ಷಿಸಿ, ಸಾಬೂನಿನಿಂದಷ್ಟೇ ಕೈ ತೊಳೆದು ಮಿಕ್ಕವರನ್ನು ಮುಟ್ಟಿದುದರಿಂದ 12 ಮಂದಿಯಲ್ಲಿ 11 ಮಂದಿ ಸತ್ತರು. ಹೆಣವೊಂದರಿಂದಲೇ ಅಲ್ಲ, ಕೊಳೆತ ಯಾವ ವಸ್ತುವಿನಿಂದಲೂ ನಂಜು ಹರಡುವುದೆಂದು ಇದರಿಂದ ಸಿದ್ಧವಾಯಿತು. ಒಬ್ಬೊಬ್ಬ ರೋಗಿಯ ನಡುವೆಯೂ ದ್ರಾವಣದಲ್ಲಿ ಕೈ ತೊಳೆಯಬೇಕೆಂಬ ವಿಧಿಯು ಬಂದಿತು. 1848ರಲ್ಲಿ ಮೊದಲನೆಯ ವಿಭಾಗದ 3556 ತಾಯಂದಿರಲ್ಲಿ ಮಡಿದವರು 45 ಮಂದಿ. ಆ ವರ್ಷದ ಮಾರ್ಚಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಒಬ್ಬಳೂ ಸಾಯಲಿಲ್ಲ.

ಇಷ್ಟಾದ ಮೇಲೆ ಮನ್ನಣೆ ದೊರೆಯಿತೇ? ಇಲ್ಲ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿ ಮೊದಲಾದ ವಿದ್ವಾಂಸರು ಆತನ ಪಕ್ಷವಹಿಸಿದರಾದರೂ ಕ್ಲೈನನು ಪ್ರಸನ್ನನಾಗಲಿಲ್ಲ. 1849ರಲ್ಲಿ ಅಧಿಕಾರಾವಧಿಯು ಮುಗಿದಾಗ ಅದನ್ನು ಮುಂದುವರಿಸಲಿಲ್ಲ. 1850ರಲ್ಲಿ ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬಹುದೆಂಬ ಅನುಮತಿ ದೊರೆತಾಗ ಆತನು ಮನನೊಂದು, ಮಿತ್ರರಿಗೂ ಹೇಳದೆ ವಿಯೆನ್ನಾವನ್ನು ತೊರೆದು ಸ್ವದೇಶಕ್ಕೆ ಮರಳಿದನು. ಪೆಸ್ಟ್ ನಗರದ ಸಂತ ರೋಕಸ್ ಆಸ್ಪತ್ರೆಯಲ್ಲಿ 1851ರಿಂದ 1857ರ ವರೆಗೆ ನಡೆದ 933 ಹೆರಿಗೆಗಳಲ್ಲಿ ಸೂತಿಕಾಜ್ವರದಿಂದ ಸತ್ತವರು ಕೇವಲ 8 ಮಂದಿ. 1855ರಲ್ಲಿ ಆತನು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರನಾದನು.

ಆತನಲ್ಲಿಯೂ ದೋಷಗಳಿದ್ದುವೆಂಬುದನ್ನು ಮರೆಮಾಚಲಾರೆವು. ತನ್ನ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಲು 1861ರ ವರೆಗೆ ತಡೆದನು. ಗ್ರಂಥಕ್ಕೆ ಆದರ ದೊರೆಯದಿದ್ದಾಗ ಹೆಸರಾಂತ ಪಂಡಿತರನ್ನು ಕೊಲೆಗಾರರೆಂದು ಬಹಿರಂಗಪತ್ರಗಳಲ್ಲಿ ಜರೆದನು. ಸತ್ಯವಾದರೂ ಕಟುವಾಗಿ ನುಡಿದರೆ ಕೇಳುವವರ ಕಿವಿ ಮುಚ್ಚುವುದು ಸಹಜ. ಕಡೆಗೆ ಬುದ್ಧಿಯು ಕೆಟ್ಟಿತು. 1865ರ ಜುಲೈ ಕೊನೆಯಲ್ಲಿ ಆತನನ್ನು ವಿಯೆನ್ನಾದ ಹುಚ್ಚರ ಆಸ್ಪತ್ರೆಗೆ ಸೇರಿಸಿದರು. ಎರಡು ವಾರದೊಳಗೆ, ಆಗಸ್ಟ್ 13ರಂದು, 47ನೆಯ ವಯಸ್ಸಿನಲ್ಲಿ ರಕ್ತಕ್ಕೆ ನಂಜೇರಿ ಆತನು ಮೃತನಾದನು. ತಾಯಂದಿರನ್ನು ಯಾವುದರಿಂದ ರಕ್ಷಿಸಿದನೋ ಅದಕ್ಕೆ ತಾನೇ ತುತ್ತಾದನು. ಕೆಲವು ವರ್ಷಗಳಲ್ಲಿಯೇ, 1879ರಲ್ಲಿ, ಪಾಸ್ಟರನು ಈ ಜ್ವರಕ್ಕೆ ಕಾರಣವಾದ ಸರಪಳಿಯಾಕಾರದ ಸೂಕ್ಷ್ಮಜೀವಿಗಳನ್ನು ತೋರಿಸಿಕೊಟ್ಟನು. ಬೂಡಾಪೆಸ್ಟಿನ ವೈದ್ಯವಿಶ್ವವಿದ್ಯಾಲಯಕ್ಕೆ 1969ರಲ್ಲಿ ಸೆಮ್ಮೆಲ್ವೈಸನ ಹೆಸರನ್ನಿಟ್ಟರು.

ಈ ಚರಿತ್ರೆಯಿಂದ ನಾವು ಕಲಿಯತಕ್ಕುದೇನು? ಹೆತ್ತವಳಿಗೆ ಮೈಲಿಗೆಯೆಂದು ಹತ್ತು ದಿನ ಮೂಲೆಯ ಕೋಣೆಯಲ್ಲಿಡುವ ವಾಡಿಕೆಯು ನಮ್ಮಲ್ಲಿ ಬಹುಕಾಲದಿಂದ ಬಂದಿದೆ. ಆದರೆ ಮೈಲಿಗೆಯಿರುವುದು ಹೆತ್ತವಳಲ್ಲಿ ಅಲ್ಲ, ತೊಳೆಯದ ಕೈಯಿಂದ ಅವಳನ್ನು ಮುಟ್ಟುವವರಲ್ಲಿ. ಬಾಣಂತಿಯನ್ನೂ ಕೂಸನ್ನೂ ಮುಟ್ಟುವ ಮೊದಲು ಉಗುರು ಕತ್ತರಿಸಿ, ಸಾಬೂನಿನಿಂದ ಕೈ ತೊಳೆಯುವುದು ಮನೆಯ ಪ್ರತಿಯೊಬ್ಬರ ಕರ್ತವ್ಯ. ಹೆತ್ತ ಆರು ವಾರಗಳೊಳಗೆ ಜ್ವರ, ಚಳಿನಡುಕ, ಕಿಬ್ಬೊಟ್ಟೆಯ ನೋವು, ದುರ್ಗಂಧದ ಸ್ರಾವ ಇವು ಕಂಡರೆ ದೃಷ್ಟಿಯೆಂದೋ ಹಾಲಿನ ಜ್ವರವೆಂದೋ ಪಥ್ಯ ತಪ್ಪಿತೆಂದೋ ಕಾಲಹರಣ ಮಾಡದೆ ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಇಂದು ಇದಕ್ಕೆ ಔಷಧಗಳುಂಟು. ತಡಮಾಡಿದರೆ ಔಷಧವೂ ಸೋಲುವುದು.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಸೆಮ್ಮೆಲ್ವೈಸನಿಗೆ ದಾರಿ ತೋರಿದುದು ಆಸ್ಪತ್ರೆಯ ಜನನಮರಣದ ಪುಸ್ತಕ. ಆ ಅಂಕಿಗಳು ಹಲವರ ಕಣ್ಣೆದುರಿಗಿದ್ದುವು. ಅವುಗಳ ಅರ್ಥವನ್ನು ಕೇಳಿದವನು ಒಬ್ಬನೇ. ತಮ್ಮ ಅಧೀನದ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ನಲ್ಲಿಯಲ್ಲಿ ನೀರು ಬರುತ್ತದೆಯೇ, ಸಾಬೂನು ಇದೆಯೇ, ಎಷ್ಟು ತಾಯಂದಿರು ಯಾವ ಕಾರಣದಿಂದ ಸತ್ತರು ಎಂಬುದನ್ನು ತಿಂಗಳಿಗೊಮ್ಮೆ ತಾವೇ ಹೋಗಿ ನೋಡಲಿ. ಸಾವುಗಳು ಹೆಚ್ಚಿದಲ್ಲಿ ಗಾಳಿಯನ್ನೋ ಬಡವರ ಅಜ್ಞಾನವನ್ನೋ ದೂಷಿಸುವ ಮೊದಲು ಆಸ್ಪತ್ರೆಯ ಕೈಗಳು ಶುದ್ಧವಾಗಿವೆಯೇ ಎಂದು ವಿಚಾರಿಸಲಿ.