ನಕ್ಷತ್ರಿಕನ ನಗು: ನಟ ನರಸಿಂಹರಾಜು

ಸಾಲಕೊಟ್ಟವನು ಹಗಲಿರುಳೂ ಬೆನ್ನುಬಿಡದೆ ಕಾಡತೊಡಗಿದರೆ ನಮ್ಮ ಜನ ಅದನ್ನು ನಕ್ಷತ್ರಿಕನ ಕಾಟವೆಂದು ಕರೆಯುವ ವಾಡಿಕೆ. ವಿಶ್ವಾಮಿತ್ರನ ಸಾಲವನ್ನು ವಸೂಲುಮಾಡಲು ಹರಿಶ್ಚಂದ್ರನ ಹಿಂದೆ ಹೊರಟ ಈ ಶಿಷ್ಯ ನಮ್ಮ ನಾಟಕಕಾರರಿಗೆ ಬಹುಕಾಲದಿಂದ ಪ್ರಿಯನಾದ ಪಾತ್ರ. ಆದರೆ ನಟನಿಗೆ ಬಹು ಕಠಿಣವಾದ ಪಾತ್ರ. ಅವನು ಕೇವಲ ಕ್ರೂರಿಯಾದರೆ ಪ್ರೇಕ್ಷಕರು ನಗುವುದಿಲ್ಲ. ಕೇವಲ ಕೋಡಂಗಿಯಾದರೆ ಹರಿಶ್ಚಂದ್ರನ ದುಃಖವೇ ಹಗುರವಾಗಿಬಿಡುತ್ತದೆ. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನದಲ್ಲಿ 1965ರಲ್ಲಿ ತೆರೆಗೆ ಬಂದ ‘ಸತ್ಯ ಹರಿಶ್ಚಂದ್ರ’ದಲ್ಲಿ ಈ ಭಾರವನ್ನು ಹೊತ್ತವರು ಟಿ. ಆರ್. ನರಸಿಂಹರಾಜು. ಅವರು ಅದನ್ನು ಹೇಗೆ ಹೊತ್ತರೆಂಬುದನ್ನು ತಿಳಿಯಬೇಕಾದರೆ ಅವರ ಬಾಳಿನ ಮೊದಲ ಮೂರು ದಶಕಗಳತ್ತ ಕಣ್ಣುಹಾಯಿಸಬೇಕು.

ನರಸಿಂಹರಾಜು ಜನಿಸಿದುದು 1923ರಲ್ಲಿ, ತುಮಕೂರು ಸೀಮೆಯ ತಿಪಟೂರಿನಲ್ಲಿ. ಇನ್ನೂ ನಾಲ್ಕು ವರ್ಷದ ಕೂಸಾಗಿದ್ದಾಗಲೇ ಅವರನ್ನು ಸಿ. ಬಿ. ಮಲ್ಲಪ್ಪನವರ ನಾಟಕ ಕಂಪನಿಗೆ ಸೇರಿಸಲಾಯಿತು. ಪ್ರಹ್ಲಾದ, ಕೃಷ್ಣ, ಲೋಹಿತಾಶ್ವ ಮೊದಲಾದ ಬಾಲಪಾತ್ರಗಳೇ ಅವರ ಓನಾಮ. ಕಂಪನಿಯೇ ಅವರ ಪಾಠಶಾಲೆ. ಅಮೆರಿಕದ ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಸಹ ತಂದೆತಾಯಿಗಳೊಡನೆ ಇಂತಹುದೇ ಎಳೆಯ ವಯಸ್ಸಿನಲ್ಲಿ ರಂಗವನ್ನೇರಿದವರು. ನಗಿಸುವ ವಿದ್ಯೆಯನ್ನು ಇಬ್ಬರೂ ಗ್ರಂಥಗಳಿಂದ ಕಲಿಯಲಿಲ್ಲ. ತಮ್ಮೆದುರಿಗೆ ಕುಳಿತ ಜನಸಮೂಹದ ಉಸಿರಿನ ಏರಿಳಿತದಿಂದ ಕಲಿತರು.

ಆ ಕಾಲದ ಕಂಪನಿ ನಾಟಕಗಳಲ್ಲಿ ಹಾಸ್ಯಗಾರನ ಸ್ಥಾನವೆಂತಹುದೆಂಬುದನ್ನು ಇಂದಿನ ವಿದ್ಯಾರ್ಥಿಗಳು ಗಮನಿಸಬೇಕು. ಅರಮನೆಯ ದೃಶ್ಯ ಮುಗಿದು ಅರಣ್ಯದ ದೃಶ್ಯ ಬರಬೇಕಾದರೆ ಹಿಂದೆ ಸೀನುಗಳನ್ನು ಬದಲಾಯಿಸಲು ಹೊತ್ತು ಬೇಕು. ಆ ಹೊತ್ತಿನಲ್ಲಿ ಮುಂದೆ ಬೀದಿಯ ಪರದೆಯೊಂದನ್ನು ಇಳಿಬಿಟ್ಟು ಹಾಸ್ಯಗಾರನನ್ನು ಕಳುಹಿಸುತ್ತಿದ್ದರು. ಹಿಂದೆ ಕೆಲಸ ತಡವಾದರೆ ಅವನು ಮಾತನ್ನು ಬೆಳೆಸಬೇಕು. ಬೇಗ ಮುಗಿದರೆ ಎತ್ತಿದ ಮಾತನ್ನು ಅಲ್ಲಿಯೇ ಇಳಿಸಿ ಹೊರಡಬೇಕು. ಅವನು ಸೋತರೆ ಜನ ಎದ್ದುಹೋಗುವರು. ಮುಂದಿನ ದೃಶ್ಯದಲ್ಲಿ ಬರುವ ರಾಜನಿಗೆ ಬರಿದಾದ ಬೆಂಚುಗಳೇ ಗತಿ. ಕಾಲವನ್ನು ಅಳೆದು ಮಾತಾಡುವ ಈ ಶಿಕ್ಷಣವೇ ನರಸಿಂಹರಾಜು ಅವರಿಗೆ ಕೊನೆಯವರೆಗೂ ಒದಗಿದ ಬಂಡವಾಳ.

ಬಾಲ್ಯ ಕಳೆದು ಬಾಲಪಾತ್ರಗಳು ಕೈತಪ್ಪಿದ ಮೇಲೆ ಅವರು ಕಂಪನಿಯಿಂದ ಕಂಪನಿಗೆ ಅಲೆಯಬೇಕಾಯಿತು. ಕಾವೇರಿಯ ದಡದ ಎಡತೊರೆಯ ಹೆಸರನ್ನು ಹೊತ್ತ ಕಂಪನಿಯಲ್ಲಿ, ಕೆ. ಹಿರಣ್ಣಯ್ಯನವರ ಮಿತ್ರಮಂಡಲಿಯಲ್ಲಿ ದುಡಿದು ಕಡೆಗೆ ಗುಬ್ಬಿ ವೀರಣ್ಣನವರ ಆಶ್ರಯಕ್ಕೆ ಬಂದರು. ವೀರಣ್ಣನವರು ಸ್ವತಃ ಹಾಸ್ಯಪಾತ್ರಗಳಿಂದಲೇ ಕೀರ್ತಿ ಪಡೆದ ನಟರು. ಅಂತಹವರ ಕಣ್ಣೆದುರಿನಲ್ಲಿ ನಗಿಸಿ ನಿಲ್ಲುವುದು ಸಾಮಾನ್ಯವಾದ ಪರೀಕ್ಷೆಯಲ್ಲ.

1954ರಲ್ಲಿ ಎಚ್. ಎಲ್. ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ವನ್ನು ತೆರೆಗೆ ತಂದಾಗ ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡರು, ನರಸಿಂಹರಾಜು ಅವರ ಚಿತ್ರಜೀವನವೂ ಅದರಿಂದಲೇ ಆರಂಭವಾಯಿತು. ಸಣಕಲು ಮೈ, ಮುಂದಕ್ಕೆ ಚಾಚಿದ ಹಲ್ಲುಗಳು, ಎತ್ತ ಬೇಕೆಂದರತ್ತ ಹೊರಳುವ ಕಣ್ಣು. ನಾಯಕನಾಗಬಯಸುವವನಿಗೆ ಕೊರತೆಯೆನಿಸಬಹುದಾದುದನ್ನೆಲ್ಲ ಅವರು ಸಿರಿಯಾಗಿ ಮಾಡಿಕೊಂಡರು.

ಆದರೆ ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದೇ ವಿರಳ. ಕೆಲಸವಿಲ್ಲದ ನಟರಿಗೆ ಹೊಟ್ಟೆಯ ಚಿಂತೆ ತಪ್ಪಿರಲಿಲ್ಲ. ಆ ದಿನಗಳಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರೊಡನೆ ಸೇರಿ ನರಸಿಂಹರಾಜು ಕಲಾವಿದರ ಸಂಘವೊಂದನ್ನು ಕಟ್ಟಿದರು. ಊರೂರಿನಲ್ಲಿ ನಾಟಕವಾಡಿ ಹಣ ಕೂಡಿಸಿದರು. ಮೈಸೂರಿನ ಅರಸರ ಕಥೆಯನ್ನುಳ್ಳ ‘ರಣಧೀರ ಕಂಠೀರವ’ 1960ರಲ್ಲಿ ಹೊರಬಂದುದು ಈ ನಾಲ್ವರ ಸಾಹಸದಿಂದ. ನಾಲ್ವರಲ್ಲಿ ಇಬ್ಬರು ಹಾಸ್ಯಕ್ಕೆ ಹೆಸರಾದವರು. ಕನ್ನಡ ಚಿತ್ರೋದ್ಯಮದ ಅಡಿಪಾಯಕ್ಕೆ ಕಲ್ಲು ಹೊತ್ತವರಲ್ಲಿ ವಿದೂಷಕರೂ ಇದ್ದರೆಂಬುದನ್ನು ಮರೆಯಲಾಗದು.

ಮುಂದೆ ಕೀರ್ತಿ ಬಂದಿತು. ಅದರೊಡನೆ ಒಂದು ಕಷ್ಟವೂ ಬಂದಿತು. ನರಸಿಂಹರಾಜು ಇದ್ದರೆ ಚಿತ್ರ ಓಡುತ್ತದೆಂಬ ನಂಬಿಕೆ ಬೆಳೆದಂತೆ, ಕಥೆಗೆ ಸಂಬಂಧವಿರಲಿ ಬಿಡಲಿ ಅವರಿಗೆಂದು ಹಾಸ್ಯದ ತುಣುಕುಗಳನ್ನು ಹೊಲಿದು ಸೇರಿಸುವ ಪದ್ಧತಿಯೂ ಬೆಳೆಯಿತು. ರಂಗದ ಮೇಲೆ ಸೀನು ಬದಲಾಯಿಸುವ ಅಗತ್ಯಕ್ಕಾಗಿ ಹುಟ್ಟಿದ ಏರ್ಪಾಡು, ಆ ಅಗತ್ಯವೇ ಇಲ್ಲದ ಚಿತ್ರಪಟದಲ್ಲಿಯೂ ಮುಂದುವರಿಯಿತು. ಎಷ್ಟೋ ಚಿತ್ರಗಳಲ್ಲಿ ಅವರಿಗೆ ದೊರೆತುದು ಬಡಕಲು ಸಂಭಾಷಣೆ. ಅದಕ್ಕೆ ಜೀವ ತುಂಬಿದುದು ಅವರ ಮುಖ, ಅವರ ನಡಿಗೆ.

ನಕ್ಷತ್ರಿಕನ ಪಾತ್ರದ ಹಿರಿಮೆ ಇರುವುದು ಇಲ್ಲಿಯೇ. ಇದು ಹೊರಗಿನಿಂದ ಅಂಟಿಸಿದ ಹಾಸ್ಯವಲ್ಲ. ಕಥೆಯ ಬೆನ್ನೆಲುಬಿನೊಳಗಿನ ಹಾಸ್ಯ. ಸತ್ಯವನ್ನು ಪರೀಕ್ಷಿಸಲು ಬಂದವನು ದಾರಿಯುದ್ದಕ್ಕೂ ಪೀಡಿಸಬೇಕು, ನಗಿಸಬೇಕು. ರಾಜನ ಘನತೆ ಅವನ ಪಕ್ಕದಲ್ಲಿ ಇನ್ನಷ್ಟು ಎತ್ತರವಾಗಿ ಕಾಣಬೇಕು. ಒಮ್ಮೆ ಲೋಹಿತಾಶ್ವನಾಗಿ ಅದೇ ಕಥೆಯ ಸಂಕಟವನ್ನು ಅಭಿನಯಿಸಿದ್ದ ಬಾಲಕ, ಈಗ ಆ ಕುಟುಂಬವನ್ನು ಕಾಡುವ ಶಿಷ್ಯನಾಗಿ ನಿಂತರು. ಎಲ್ಲಿ ನಗು ನಿಲ್ಲಬೇಕು, ಎಲ್ಲಿ ಕರುಣೆಗೆ ದಾರಿ ಬಿಡಬೇಕೆಂಬ ಅಳತೆ ಅವರಿಗೆ ತಿಳಿದಿತ್ತು. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ದೊರೆಯಿತು.

‘ಶ್ರೀ ಕೃಷ್ಣದೇವರಾಯ’ (1970) ಚಿತ್ರದಲ್ಲಿ ಅವರು ತೆನಾಲಿ ರಾಮಕೃಷ್ಣನಾದರು. ನಾಲ್ಕು ವರ್ಷಗಳ ಮೇಲೆ, 1974ರಲ್ಲಿ, ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತಾವೇ ನಿರ್ಮಿಸಿ ಅದರ ಮುಖ್ಯಪಾತ್ರವನ್ನು ವಹಿಸಿದರು. ಹಾಸ್ಯನಟನೂ ಒಂದು ಕಥೆಯನ್ನು ಮೊದಲಿನಿಂದ ಕಡೆಯವರೆಗೆ ಹೊರಬಲ್ಲನೆಂಬುದಕ್ಕೆ ಅದು ಅವರೇ ಮುಂದಿಟ್ಟ ನಿದರ್ಶನ. 1979ರ ಜುಲೈನಲ್ಲಿ, ಅರವತ್ತನ್ನು ಮುಟ್ಟುವ ಮೊದಲೇ, ಅವರು ತೀರಿಕೊಂಡರು. ಇಪ್ಪತ್ತೈದು ವರ್ಷಗಳಲ್ಲಿ ಅವರು ಅಭಿನಯಿಸಿದ ಚಿತ್ರಗಳು 250ಕ್ಕೂ ಹೆಚ್ಚು.

‘ಸತ್ಯ ಹರಿಶ್ಚಂದ್ರ’ ಬಣ್ಣ ತಳೆದು 2008ರಲ್ಲಿ ಮತ್ತೆ ಚಿತ್ರಮಂದಿರಗಳಿಗೆ ಬಂದಿತು. ಅವರನ್ನು ಕಂಡರಿಯದ ಪೀಳಿಗೆಯ ಮುಂದೆ ನಕ್ಷತ್ರಿಕ ಮತ್ತೊಮ್ಮೆ ಸಾಲ ಕೇಳಿದನು. ಅವರು ರಂಗದ ಮೇಲೆ ನಗಿಸಿದ ಇರುಳುಗಳು ಮಾತ್ರ ನೋಡಿದವರೊಡನೆಯೇ ಮರೆಯಾಗುತ್ತಿವೆ. ತೆರೆಯ ಮೇಲೆ ಉಳಿದಿರುವ ಅಭಿನಯವನ್ನಾದರೂ ಬರಿಯ ವಿನೋದವೆಂದು ಬದಿಗೊತ್ತದೆ, ನಮ್ಮ ಕಂಪನಿ ನಾಟಕಗಳ ಶಿಕ್ಷಣಕ್ಕೆ ದೊರೆತ ಸಾಕ್ಷ್ಯವೆಂದು ನೋಡುವುದು ರಂಗಭೂಮಿಯ ಅಧ್ಯಯನಕ್ಕೆ ಇಳಿದವರ ಕರ್ತವ್ಯ.